ಟ್ರಂಕಿನ ತಳದ ಕನ್ನಡಕ: ಒಂದು ಹಾಸ್ಟೆಲ್ ಹುಡುಗಿಯ ಪ್ರಕರಣ

ಇದು ಉತ್ತರ ಕನ್ನಡದ ಘಟ್ಟದ ಮೇಲಿನ ಒಂದು ಸರಕಾರಿ ವಸತಿ ಶಾಲೆಯಲ್ಲಿ ನಡೆದದ್ದು. ಊರು, ಶಾಲೆ, ವರ್ಷ ಹೇಳುವುದಿಲ್ಲ. ಹುಡುಗಿಯ ಮನೆಯ ವಿವರಗಳನ್ನು ಅಲ್ಪಸ್ವಲ್ಪ ಬದಲಿಸಿದ್ದೇನೆ. ನಾನು ತಾಲೂಕು ಆಸ್ಪತ್ರೆಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಇಲ್ಲಿ ಬರುವ ತಪ್ಪುಗಳಲ್ಲಿ ಹೆಚ್ಚಿನವು ನನ್ನವೇ.

ಹಿನ್ನೆಲೆ

ಆ ಶಾಲೆಯ ಹಾಜರಿ ಪುಸ್ತಕ ಓದಿದರೆ ಅರ್ಧ ಜಿಲ್ಲೆ ಸುತ್ತಿದಂತೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಮಕ್ಕಳು, ಜೋಯಿಡಾದ ಕುಣಬಿಗಳು, ಎಮ್ಮೆ ಕಟ್ಟಿಕೊಂಡು ಕಾಡಂಚಿನಲ್ಲಿರುವ ಗೌಳಿಗರ ಮನೆಯವರು, ಅಂಕೋಲೆಯಿಂದ ಘಟ್ಟ ಹತ್ತಿ ಬಂದ ಹಾಲಕ್ಕಿಗಳು, ಕಾರವಾರ ಕಡೆಯ ಕೊಂಕಣಿ ಮಾತಿನ ಒಂದಿಬ್ಬರು. ನಮ್ಮ ಪ್ರಕರಣದ ಹುಡುಗಿ ಸಿದ್ದಿ, ಆರನೇ ಇಯತ್ತೆ, ವಯಸ್ಸು ಹನ್ನೊಂದು. ಸಿದ್ದಿಗಳ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಬಂದು, ಅಲ್ಲಿಂದ ಈ ಕಾಡು ಹೊಕ್ಕವರು ಬಹಳ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಹುಡುಗಿಗೆ ಮನೆಯಲ್ಲಿ ಸಿದ್ದಿ ಕೊಂಕಣಿ, ಶಾಲೆಯಲ್ಲಿ ಕನ್ನಡ.

ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಅಕ್ಕೋರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, 6 ಮೀಟರ್ ದೂರದಲ್ಲಿ ಚಾರ್ಟ್ ನೇತುಹಾಕಿ, ಒಂದು ಕಣ್ಣು ಮುಚ್ಚಿಸಿ ಓದಿಸಿದ್ದರು. ಇಂಗ್ಲಿಷಿನ 'ಇ' ಅಕ್ಷರವನ್ನು ನಾಲ್ಕು ದಿಕ್ಕಿಗೆ ತಿರುಗಿಸಿದ ಚಾರ್ಟು ಅದು, ಮಕ್ಕಳ ಬಾಯಲ್ಲಿ ಬಾಚಣಿಗೆ ಚಾರ್ಟು. ಬಾಚಣಿಗೆಯ ಹಲ್ಲು ಯಾವ ಕಡೆಗಿದೆ ಎಂದು ಕೈಯಲ್ಲಿ ತೋರಿಸಿದರೆ ಆಯಿತು. ಈ ಹುಡುಗಿ ಎರಡೂ ಕಣ್ಣಲ್ಲಿ 6/18 ಸಾಲಿಗೆ ನಿಂತಳು, ಅಂದರೆ ಸರಿ ಇರುವ ಕಣ್ಣು 18 ಮೀಟರಿನಿಂದ ಓದುವ ಸಾಲನ್ನು ಇವಳು 6 ಮೀಟರಿನಿಂದ ಓದಿದಳು. ಬೋರ್ಡಿನ ಮೇಲಿನ ಲೆಕ್ಕವನ್ನು ತಪ್ಪಾಗಿ ಬರೆದುಕೊಳ್ಳುತ್ತಾಳೆ, ಸಂಜೆ ಓದುವ ಹೊತ್ತಿಗೆ ತಲೆನೋವು ಎನ್ನುತ್ತಾಳೆ ಎಂದು ಅಕ್ಕೋರು ಚೀಟಿಯಲ್ಲಿ ಬರೆದಿದ್ದರು. ಆ ಚೀಟಿಯ ಎರಡನೇ ಅರ್ಧವನ್ನು ನಾನು ಓದಿದೆ, ಆದರೆ ಯೋಚಿಸಲಿಲ್ಲ.

ನಮ್ಮ ಶಿಬಿರದ ದಿನ ಜೋರು ಮಳೆ, ಕರೆಂಟು ಬಂದು ಹೋಗಿ ಮಾಡುತ್ತಿತ್ತು. ಗದ್ದಲದಲ್ಲಿ, ಕಣ್ಣಿನ ನಂಬರನ್ನು ತಾನೇ ಅಳೆದು ಚೀಟಿ ಕೊಡುವ ಆಟೋರಿಫ್ರ್ಯಾಕ್ಟರ್ ಯಂತ್ರದ ಮುಂದೆ ಮಕ್ಕಳನ್ನು ಕೂರಿಸುತ್ತ ಹೋದೆವು. ಒಳಗೆ ಬಲೂನು ಕಾಣುತ್ತದೆ, ಅದನ್ನೇ ನೋಡು ಎನ್ನುವುದು, ಗುಂಡಿ ಒತ್ತುವುದು, ಚೀಟಿ ಹರಿಯುವುದು. ಅವಳ ಚೀಟಿಯಲ್ಲಿ ಬಲಗಣ್ಣಿಗೆ ಮೈನಸ್ 1.75, ಎಡಗಣ್ಣಿಗೆ ಮೈನಸ್ 2, ಎಡಕ್ಕೆ ಸ್ವಲ್ಪ ಸಿಲಿಂಡರ್ ನಂಬರೂ ಇತ್ತು. ಅಂದರೆ ಸಮೀಪದೃಷ್ಟಿ, ಹತ್ತಿರದ್ದು ಕಾಣುತ್ತದೆ, ದೂರದ್ದು ಮಸುಕು. ಪರೀಕ್ಷಾ ಚೌಕಟ್ಟಿಗೆ ಆ ಗಾಜುಗಳನ್ನು ಹಾಕಿದೆ. 6/9 ಓದಿದಳು. ಇನ್ನೇನು ಬೇಕು? ಪಟ್ಟಿಗೆ ಸೇರಿಸಿದೆ. ಉಚಿತ ಕನ್ನಡಕ ಚೌತಿಗೆ ಮೊದಲು ಬಂತು.

ತೊಂದರೆ

ಸೆಪ್ಟೆಂಬರ್ ಕೊನೆಗೆ ವಿಚಾರಿಸಲು ಹೋದಾಗ ಕನ್ನಡಕ ಅವಳ ಟ್ರಂಕಿನ ತಳದಲ್ಲಿ, ಹಳೇ ಸ್ವೆಟರಿನಲ್ಲಿ ಸುತ್ತಿಟ್ಟದ್ದು ಸಿಕ್ಕಿತು. ಅವಳದ್ದೊಂದೇ ಅಲ್ಲ, ಶಿಬಿರದಲ್ಲಿ ಕನ್ನಡಕ ಪಡೆದ ಸಿದ್ದಿ ಮಕ್ಕಳಲ್ಲಿ ಒಬ್ಬರ ಮೂಗಿನ ಮೇಲೂ ಕನ್ನಡಕ ಇರಲಿಲ್ಲ. ಉಳಿದವರಲ್ಲಿ ಕೆಲವರಾದರೂ ಹಾಕಿಕೊಂಡಿದ್ದರು. ವಾರ್ಡನ್ ಕಾರಣ ತಯಾರಿಟ್ಟುಕೊಂಡಿದ್ದರು: "ಸರ್, ಇವರಿಗೆ ಕೊಟ್ಟದ್ದರ ಬೆಲೆ ಗೊತ್ತಿಲ್ಲ. ಪುಕ್ಕಟೆ ಬಂದದ್ದಲ್ವಾ." ಆಟದ ಮಾಸ್ತರರದ್ದು ಬೇರೆ ವಾದ. ಅವಳು ತಾಲೂಕು ಮಟ್ಟದಲ್ಲಿ ಓಡುವ ಹುಡುಗಿ, ಕನ್ನಡಕ ಯಾಕೆ ಬೇಕು, ಕಾಡಿನ ಮಕ್ಕಳ ಕಣ್ಣು ನಮಗಿಂತ ಚುರುಕು ಎಂದರು. ಸಿದ್ದಿ ಮಕ್ಕಳೆಂದರೆ ಓಟ ಎಂಬುದು ನಮ್ಮಲ್ಲಿ ಬೇರೂರಿದ ಮಾತು. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಈ ಮಕ್ಕಳನ್ನೇ ಆರಿಸಿ ತರಬೇತಿ ಕೊಡಲು ಯೋಜನೆ ಮಾಡಿತ್ತು. ಅದರ ನೆನಪು ಇಲ್ಲಿನ ಮಾಸ್ತರರಲ್ಲಿ ಇನ್ನೂ ಉಳಿದಿದೆ.

ಇಬ್ಬರೂ ಹೇಳಿದ್ದು ಮಕ್ಕಳ ಜಾತಿಯ ಬಗ್ಗೆ. ಕನ್ನಡಕದ ಬಗ್ಗೆ ಯಾರೂ ಏನೂ ಹೇಳಲಿಲ್ಲ. ನಾನೂ ವಾರ್ಡನ್ ಮಾತಿಗೆ ತಲೆ ಆಡಿಸಿದವನೇ. ಹುಡುಗಿಯನ್ನು ಕರೆದು, ಬೈಯದೆ ಕೇಳಿದ ಮೇಲೆ ಅವಳು ಎರಡು ಮಾತು ಹೇಳಿದಳು. "ಜಾರ್ತದೆ ಸರ್." ಸ್ವಲ್ಪ ತಡೆದು, "ಹಾಕಿದ್ರೆ ಮತ್ತೂ ತಲೆ ನೋಯ್ತದೆ."

ಮೊದಲನೆಯದಕ್ಕೆ ನಾನು ಕನ್ನಡಕದ ಕಾಲು ಬಗ್ಗಿಸಿ ಬಿಗಿ ಮಾಡಿಕೊಟ್ಟೆ. ಎರಡನೆಯದು ಮನಸ್ಸಿನಲ್ಲಿ ಕೂತಿತು. ಮೈನಸ್ ನಂಬರಿನ ಮಗುವಿಗೆ ಸರಿಯಾದ ಕನ್ನಡಕ ಹಾಕಿದರೆ ತಲೆನೋವು ಹೆಚ್ಚಾಗಬಾರದು. ಕಣ್ಣಿಗೆ ಬೆಳಕು ಬಿಟ್ಟು ನಂಬರ್ ನೋಡುವ ರೆಟಿನೋಸ್ಕೋಪ್ ತೆಗೆದು ಕತ್ತಲೆ ಮೂಲೆಯಲ್ಲಿ ಕೂರಿಸಿ ಬೆಳಕು ಬಿಟ್ಟೆ. ಪಾಪೆಯೊಳಗಿನ ಬೆಳಕಿನ ಪಟ್ಟಿ ಒಮ್ಮೆ ನನ್ನ ಕೈ ಹೋದ ಕಡೆ ಹೋಗುತ್ತಿತ್ತು, ಮರುಕ್ಷಣ ತಿರುಗಿ ಓಡುತ್ತಿತ್ತು. ಪಾಪೆಯೂ ಹಿಗ್ಗಿ ಕುಗ್ಗುತ್ತಿತ್ತು. ಒಂದು ನಿಮಿಷದಲ್ಲಿ ನಾಲ್ಕು ಸಲ ನಂಬರ್ ಬದಲಾಗುವ ಕಣ್ಣಿಗೆ ಯಾವ ಗಾಜು ಕೊಡುವುದು?

ಇಲ್ಲಿ ಸ್ವಲ್ಪ ವಿವರಿಸಬೇಕು. ಕಣ್ಣಿನೊಳಗಿನ ಸಿಲಿಯರಿ ಸ್ನಾಯು ಬಿಗಿದರೆ ಮಸೂರ ಉಬ್ಬುತ್ತದೆ, ಹತ್ತಿರದ್ದು ಸ್ಪಷ್ಟವಾಗುತ್ತದೆ. ಮಕ್ಕಳಲ್ಲಿ ಈ ಹೊಂದಾಣಿಕೆ ಶಕ್ತಿ ಬಲವಾಗಿರುತ್ತದೆ. ಹುಟ್ಟುವಾಗ ಕಣ್ಣಿನ ಉದ್ದ ಸುಮಾರು 17 ಮಿಲಿಮೀಟರ್, ದೊಡ್ಡವರಾದಾಗ 24ರ ಆಸುಪಾಸು. ಕಣ್ಣು ಬೇಕಾದಷ್ಟು ಉದ್ದ ಬೆಳೆಯದಿದ್ದರೆ ಬಿಂಬ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ಹಿಂದೆ ಬೀಳುತ್ತದೆ. ಅದು ದೂರದೃಷ್ಟಿ, ಪ್ಲಸ್ ನಂಬರ್. ಆದರೆ ಮಗು ಈ ಕೊರತೆಯನ್ನು ಸ್ನಾಯುವಿನ ಬಲದಿಂದ ಮುಚ್ಚಿಕೊಳ್ಳುತ್ತದೆ, ದಿನವಿಡೀ ಮುಷ್ಟಿ ಬಿಗಿಹಿಡಿದಂತೆ. ಕೆಲವರಲ್ಲಿ ಆ ಮುಷ್ಟಿ ಬಿಡಿಸಲು ಬಾರದಷ್ಟು ಸೆಟೆದುಕೊಂಡು, ಪ್ಲಸ್ ಇರಬೇಕಾದ ಕಣ್ಣು ಮೈನಸ್ ಎಂದು ತೋರಿಸುತ್ತದೆ. ಯಂತ್ರದ ಒಳಗಿನ ಬಲೂನನ್ನು ಹತ್ತಿರವೇ ಇದೆ ಎಂದುಕೊಂಡು ನೋಡಿದರಂತೂ ಇನ್ನೂ ಹೆಚ್ಚು. ಅದಕ್ಕಾಗಿಯೇ ಮಕ್ಕಳ ಕಣ್ಣಿಗೆ ಹನಿ ಹಾಕಿ, ಆ ಸ್ನಾಯುವನ್ನು ಮಲಗಿಸಿ ಅಳೆಯಬೇಕು ಎಂಬ ನಿಯಮ. ನಿಯಮ ನನಗೆ ಗೊತ್ತಿತ್ತು. ಮಳೆ, ಕರೆಂಟು, ಮಕ್ಕಳ ಸಾಲು ಎಂದು ಬಿಟ್ಟಿದ್ದೆ.

ಮಾಡಿ ನೋಡಿದ್ದು

ಅದೇ ದಿನ ಸ್ನಾಯು ಮಲಗಿಸುವ ಸೈಕ್ಲೋಪೆಂಟೊಲೇಟ್ ಹನಿ ಹಾಕಿದೆ, ಕಣ್ಣಿಗೊಂದರಂತೆ. ಇಪ್ಪತ್ತು ನಿಮಿಷ ಕಾದು ನೋಡಿದರೆ ಬಲಕ್ಕೆ ಮೈನಸ್ ಅರ್ಧ, ಎಡಕ್ಕೆ ಮೈನಸ್ ಕಾಲು. ಹೆಚ್ಚುಕಡಿಮೆ ಸೊನ್ನೆ. ನನಗೆ ನಿರಾಳವಾಯಿತು: ನಂಬರೇ ಇಲ್ಲ, ಕನ್ನಡಕ ಬೇಡ ಎಂದು ಬರೆದು ಮುಗಿಸುವುದೆಂದು ಪೆನ್ನು ತೆಗೆದೆ. ಬರೆಯುವ ಮೊದಲು ಸುಮ್ಮನೆ ಟಾರ್ಚ್ ಬಿಟ್ಟೆ. ಪಾಪೆ ಕುಗ್ಗಿತು.

ಈ ಪ್ರಕರಣದ ಮೊದಲ ತಿರುವು ಅದೇ. ಬೆಳಕಿಗೆ ಪಾಪೆ ಕುಗ್ಗಿದರೆ ಹನಿ ಪೂರ್ತಿ ಹಿಡಿದಿಲ್ಲ ಎಂದರ್ಥ. ಬೇರೆ ಬೇರೆ ದೇಶಗಳ ಶಾಲಾ ಮಕ್ಕಳ ಕಣ್ಣನ್ನು ಒಂದೇ ಕ್ರಮದಲ್ಲಿ ಅಳೆಯಲು ಮಾಡಿಕೊಂಡ ಪದ್ಧತಿಯಲ್ಲಿ ಇದನ್ನು ಕಟ್ಟುನಿಟ್ಟಾಗಿ ಹೇಳಿದೆ. ಐದು ನಿಮಿಷದ ಅಂತರದಲ್ಲಿ ಎರಡು ಹನಿ, ಇಪ್ಪತ್ತು ನಿಮಿಷದ ಮೇಲೂ ಪಾಪೆ ಅಲುಗಿದರೆ ಮೂರನೆಯದು. ಪಾಪೆ 6 ಮಿಲಿಮೀಟರ್ ಹಿಗ್ಗಿ, ಬೆಳಕಿಗೆ ಜಗ್ಗದೆ ನಿಂತರೆ ಮಾತ್ರ ಅಳತೆಗೆ ಬೆಲೆ. ಕಪ್ಪು ಪಾಪೆಯ ಸುತ್ತಲಿನ ವರ್ತುಲದಲ್ಲಿ ಬಣ್ಣ ಹೆಚ್ಚಿದ್ದಷ್ಟೂ ಅದು ಔಷಧವನ್ನು ಹಿಡಿದಿಟ್ಟುಕೊಳ್ಳುತ್ತದೆ, ಹನಿ ನಿಧಾನಕ್ಕೆ ಕೆಲಸ ಮಾಡುತ್ತದೆ. ನನ್ನ ಇಪ್ಪತ್ತು ನಿಮಿಷದ ಅಭ್ಯಾಸ ಎಲ್ಲಿಂದ ಬಂತೆಂದು ಯೋಚಿಸಿದೆ. ನಾನು ಕೆಲಸ ಕಲಿತದ್ದು ಕರಾವಳಿಯಲ್ಲಿ. ಅಲ್ಲಿ ಬೆಕ್ಕಿನ ಕಣ್ಣಿನ ಮಕ್ಕಳು ಅಲ್ಲಲ್ಲಿ ಸಿಗುತ್ತಾರೆ, ಒಂದೇ ಹನಿಗೆ ಪಾಪೆ ತಟ್ಟೆಯಷ್ಟಾಗುತ್ತದೆ. ಹಾಗೆಂದು ಸಿದ್ದಿ ಮಕ್ಕಳ ಕಣ್ಣಿಗೆ ಬೇರೆ ಶಾಸ್ತ್ರ ಎಂದಲ್ಲ. ಹಾಲಕ್ಕಿ ಹುಡುಗನ ಕಣ್ಣೂ ಅಷ್ಟೇ ಕಡುಗಂದು. ನಾನು ಗಡಿಯಾರ ನೋಡುತ್ತಿದ್ದೆ, ಪಾಪೆ ನೋಡುತ್ತಿರಲಿಲ್ಲ. ತಪ್ಪಾದದ್ದು ಅಲ್ಲಿ.

ಆವತ್ತು ಹೊತ್ತು ಮೀರಿತ್ತು. ವಾರ ಬಿಟ್ಟು ಅವಳನ್ನು ಶಿರಸಿಗೆ ಕರೆದೊಯ್ದೆವು, ಅಕ್ಕೋರು ಜೊತೆಗೆ ಬಂದರು. ಅಲ್ಲಿ ಕಣ್ಣಿನ ಪೊರೆಯ ಆಪರೇಷನ್ನಿಗೆ ಮೊದಲು ಹಾಕಬೇಕಾದ ಲೆನ್ಸ್ ಯಾವುದೆಂದು ತಿಳಿಯಲು ಕಣ್ಣಿನ ಉದ್ದ ಅಳೆಯುವ ಎ-ಸ್ಕ್ಯಾನ್ ಯಂತ್ರವಿದೆ. ಅಜ್ಜ ಅಜ್ಜಿಯರ ಸಾಲಿನ ನಡುವೆ ಹನ್ನೊಂದರ ಹುಡುಗಿ ಕೂತಳು. ಯಂತ್ರದ ಕಡ್ಡಿಯನ್ನು ಮರಗಟ್ಟಿಸಿದ ಕಣ್ಣಿಗೆ ತಾಗಿಸಿ ಅಳೆಯುವುದು. ಸ್ವಲ್ಪ ಒತ್ತಿದರೂ ಕಣ್ಣು ಗಿಡ್ಡ ಎಂದು ತೋರಿಸಿಬಿಡುತ್ತದೆ, ಹಾಗಾಗಿ ಡಾಕ್ಟರು ಹತ್ತು ಸಲ ಅಳೆದು ಸಮ ಬಂದದ್ದನ್ನು ಮಾತ್ರ ಹಿಡಿದರು. ಬಲಗಣ್ಣು 22.1 ಮಿಲಿಮೀಟರ್, ಎಡಗಣ್ಣು 22. ಕಣ್ಣಿನ ಮುಂದಿನ ಪಾರದರ್ಶಕ ಪದರ ಕಾರ್ನಿಯಾದ ಬಾಗು 43 ಡಯಾಪ್ಟರ್ (ಗಾಜಿನ ನಂಬರನ್ನೂ ಇದೇ ಮಾನದಲ್ಲಿ ಹೇಳುವುದು), ಅಂದರೆ 7.85 ಮಿಲಿಮೀಟರ್ ತ್ರಿಜ್ಯ, ಎಲ್ಲರಂತೆ.

ಡಾಕ್ಟರು ಕಾಗದದ ಮೂಲೆಯಲ್ಲಿ ಭಾಗಾಕಾರ ಮಾಡಿ ನನ್ನ ಕಡೆ ತಿರುಗಿಸಿದರು. ಕಣ್ಣಿನ ಉದ್ದವನ್ನು ಕಾರ್ನಿಯಾದ ತ್ರಿಜ್ಯದಿಂದ ಭಾಗಿಸಿದರೆ ನಂಬರಿಲ್ಲದ ಕಣ್ಣಿಗೆ ಹೆಚ್ಚುಕಡಿಮೆ 3 ಬರುತ್ತದೆ, ಸಮೀಪದೃಷ್ಟಿಗೆ ಅದಕ್ಕಿಂತ ಮೇಲೆ. ಇಲ್ಲಿ ಬಂದದ್ದು 2.8. ಉದ್ದದಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸವಾದರೆ ನಂಬರ್ ಎರಡೂವರೆ ಮೂರು ಡಯಾಪ್ಟರ್ ಸರಿಯುತ್ತದೆ. "ಇಷ್ಟು ಗಿಡ್ಡ ಕಣ್ಣಿಗೆ, ಇಷ್ಟು ಸಾದಾ ಕಾರ್ನಿಯಾ ಇಟ್ಟುಕೊಂಡು, ಮೈನಸ್ ಎಲ್ಲಿಂದ ಬರಬೇಕು ಮಾರಾಯಾ?" ಎಂದರು. ಹನಿಗೆ ಸ್ನಾಯು ಮೋಸ ಮಾಡಬಹುದು, ಉದ್ದಕ್ಕೆ ಮಾಡಲಾಗದು.

ಡಾಕ್ಟರೊಂದಿಗೆ ಚಹಾ ಕುಡಿಯುತ್ತ ಒಂದು ವಾದವಾಯಿತು, ಅದನ್ನೂ ಇಲ್ಲಿ ದಾಖಲಿಸುತ್ತೇನೆ. ಆಫ್ರಿಕಾ ಮೂಲದ ಮಕ್ಕಳಲ್ಲಿ ಸಮೀಪದೃಷ್ಟಿ ಕಡಿಮೆ ಎನ್ನುತ್ತಾರಲ್ಲ, ಅದು ನೆನಪಿದ್ದರೆ ಮೊದಲೇ ಅನುಮಾನ ಬರುತ್ತಿತ್ತೇ ಎಂದು ನಾನು ಕೇಳಿದೆ. ಅವರು ಒಪ್ಪಲಿಲ್ಲ. ಒಂದೇ ಪದ್ಧತಿಯಲ್ಲಿ ಮಾಡಿದ ಸಮೀಕ್ಷೆಗಳಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಸುಮಾರು 4%, ನಮ್ಮ ನೆರೆಯ ತೆಲಂಗಾಣದ ಮೆಹಬೂಬ್‌ನಗರದ ಹಳ್ಳಿಗಳಲ್ಲೂ ಸುಮಾರು 4%, ದಿಲ್ಲಿಯಲ್ಲಿ 7.4% ಮಕ್ಕಳಿಗೆ ಸಮೀಪದೃಷ್ಟಿ ಕಂಡಿತ್ತು. ಆಫ್ರಿಕಾದ ಮಗುವಿಗೂ ತೆಲಂಗಾಣದ ಹಳ್ಳಿಯ ಮಗುವಿಗೂ ಇರುವ ದೂರಕ್ಕಿಂತ ಹಳ್ಳಿಯ ಮಗುವಿಗೂ ದಿಲ್ಲಿಯ ಮಗುವಿಗೂ ಇರುವ ದೂರವೇ ದೊಡ್ಡದು. 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಆರೇಳು ವರ್ಷದ ಚೀನೀ ಮೂಲದ ಮಕ್ಕಳನ್ನೇ ಎರಡು ಊರಲ್ಲಿ ನೋಡಿತು. ಸಿಂಗಪುರದಲ್ಲಿ 29.1% ಮಕ್ಕಳಿಗೆ ಸಮೀಪದೃಷ್ಟಿ, ಸಿಡ್ನಿಯಲ್ಲಿ 3.3%. ಸಿಂಗಪುರದ ಮಕ್ಕಳು ವಾರಕ್ಕೆ ಸುಮಾರು ಮೂರು ತಾಸು ಹೊರಗಿರುತ್ತಿದ್ದರು, ಸಿಡ್ನಿಯವರು ಹದಿಮೂರು ಮುಕ್ಕಾಲು ತಾಸು. ಕುಲ ಒಂದೇ, ಬಿಸಿಲು ಬೇರೆ. "ಸಿದ್ದಿ ಅಂತ ಮೈನಸ್ ಇರಲಿಕ್ಕಿಲ್ಲ ಅಂದ್ಕೊಂಡಿದ್ರೆ ಇವತ್ತು ನೀನು ಗೆದ್ದಂಗೆ ಆಗ್ತಿತ್ತು, ನಾಳೆ ನಿಜವಾದ ಮೈನಸ್ ಇರೋ ಸಿದ್ದಿ ಹುಡುಗ ಬಂದಾಗ ಸೋಲ್ತಿದ್ದೆ" ಎಂದರು. ನಾನು ಈಗ ಅವರ ಮಾತಿನ ಕಡೆಗೇ ವಾಲಿದ್ದೇನೆ.

ಅಟ್ರೋಪಿನ್ ಮತ್ತು ಅಜ್ಜಿ

ಸ್ನಾಯುವನ್ನು ಪೂರ್ತಿ ಮಲಗಿಸಲು ಅಟ್ರೋಪಿನ್ ಮುಲಾಮು, ದಿನಕ್ಕೆರಡು ಸಲ, ಮೂರು ದಿನ. ಇದರ ಪರಿಣಾಮ ಒಂದೆರಡು ವಾರ ಉಳಿಯುತ್ತದೆ, ಹತ್ತಿರದ್ದು ಓದಲಾಗದು, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಪಾಠ ತಪ್ಪಬಾರದೆಂದು ದಸರಾ ರಜೆಯನ್ನು ಆರಿಸಿದೆವು. ಆಶಾ ಕಾರ್ಯಕರ್ತೆಗೆ ಮುಲಾಮು ಹಚ್ಚುವುದು ಹೇಗೆ, ಆಮೇಲೆ ಕೈ ತೊಳೆಯಬೇಕು, ಜ್ವರ ಬಂದರೆ ಅಥವಾ ಮುಖ ಕೆಂಪೇರಿದರೆ ನಿಲ್ಲಿಸಬೇಕು ಎಂದೆಲ್ಲ ಹೇಳಿಕೊಟ್ಟೆ. ಮನೆಯವರಿಗೆ ಹೇಳಲಿಲ್ಲ. ಹುಡುಗಿಯನ್ನು ಸಾಕುತ್ತಿರುವುದು ಅಜ್ಜಿ ಎಂಬುದೂ ನನಗೆ ತಿಳಿದಿರಲಿಲ್ಲ.

ನಾಲ್ಕನೇ ದಿನ ಆಶಾ ಕಾರ್ಯಕರ್ತೆಯ ಫೋನು. ಅಜ್ಜಿ ಮುಲಾಮಿನ ಟ್ಯೂಬನ್ನು ಒಲೆಗೆ ಹಾಕಿದ್ದಾರೆ. ಹುಡುಗಿ ಅಕ್ಕಿ ಆರಿಸಲು ಕೂತರೆ ಕಲ್ಲು ಕಾಣುವುದಿಲ್ಲ, ಅಂಗಳಕ್ಕೆ ಬಂದರೆ ಕಣ್ಣು ಬಿಡಲಾಗುವುದಿಲ್ಲ. ಓಡುವಷ್ಟು ಕಣ್ಣಿದ್ದ ಮಗುವನ್ನು ಕುರುಡು ಮಾಡಿದರು ಎಂದು ಊರಲ್ಲಿ ಸುದ್ದಿಯಾಗಿದೆ. ಪುಣ್ಯಕ್ಕೆ ಮೂರು ದಿನದ ಮುಲಾಮು ಮುಗಿದಿತ್ತು. ಮರುದಿನ ನಾನೇ ಹೋದೆ, ರಸ್ತೆ ಮುಗಿದ ಮೇಲೆ ನಡೆದೇ ಹೋಗಬೇಕು. ಅಜ್ಜಿ ಕೊಂಕಣಿಯಲ್ಲಿ ಬೈದದ್ದರಲ್ಲಿ ಅರ್ಧ ನನಗೆ ಅರ್ಥವಾಯಿತು, ಅಷ್ಟು ಸಾಕಾಗಿತ್ತು. ಕೊನೆಗೆ ಬ್ಯಾಗಿನಲ್ಲಿದ್ದ ಪ್ಲಸ್ 3ರ ಗಾಜನ್ನು ಪರೀಕ್ಷಾ ಚೌಕಟ್ಟಿಗೆ ಹಾಕಿ ಹುಡುಗಿಯ ಮೂಗಿಗಿಟ್ಟು, ಅಂಗಳದಾಚೆ ಕಟ್ಟಿದ್ದ ಆಡನ್ನು ತೋರಿಸಿ ಎಷ್ಟು ಮರಿ ಎಂದು ಕೇಳಿದೆ. ಲೆಕ್ಕ ಹೇಳಿದಳು. ಗಾಜು ತೆಗೆದರೆ ಮಂಜು. ಅಜ್ಜಿ ಆ ಗಾಜನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದು ನನ್ನ ಚಾಳೀಸಿನ ಹಾಗೇ ಉಂಟಲ್ಲ" ಎಂದರು. ಹೌದು, ಅದೇ ಜಾತಿಯ ಗಾಜು ಎಂದೆ. ಆ ನಂತರ ಕುಡಿಯಲು ಮಜ್ಜಿಗೆ ಬಂತು.

ಶಿರಸಿಯಲ್ಲಿ ಅಟ್ರೋಪಿನ್ ಹಿಡಿದಿದ್ದಾಗಲೇ ಬಂದ ಅಳತೆ: ಬಲಕ್ಕೆ ಪ್ಲಸ್ 3, ಎಡಕ್ಕೆ ಪ್ಲಸ್ 3.50, ಜೊತೆಗೆ ಸಿಲಿಂಡರ್ 0.75. ಅಂದರೆ ಜೂನ್‌ನಲ್ಲಿ ನಾನು ಕೊಟ್ಟ ಗಾಜು ಸುಮಾರು ಐದು ಡಯಾಪ್ಟರ್ ತಪ್ಪು. ಮುಷ್ಟಿ ಬಿಗಿಹಿಡಿದ ಕೈಗೆ ಇನ್ನೊಂದು ಕಲ್ಲು ಕೊಟ್ಟಂತಾಗಿತ್ತು. ಪೂರ್ತಿ ನಂಬರನ್ನು ಒಮ್ಮೆಲೇ ಕೊಟ್ಟರೆ, ಅಟ್ರೋಪಿನ್ ಇಳಿದ ಮೇಲೆ ದೂರದ್ದು ಮಸುಕಾಗಿ ಮತ್ತೆ ಟ್ರಂಕು ಸೇರುತ್ತದೆ ಎಂದು ಒಂದು ಡಯಾಪ್ಟರ್ ಕಡಿಮೆ ಮಾಡಿ ಕೊಡಲು ತೀರ್ಮಾನವಾಯಿತು. ಔಷಧದ ಪರಿಣಾಮ ಇಳಿಯುವ ಮೊದಲೇ ಕನ್ನಡಕ ಮೂಗಿಗೇರಬೇಕು, ಸ್ನಾಯು ಎಚ್ಚರಾಗುವ ಹೊತ್ತಿಗೆ ಕಣ್ಣಿಗೆ ಗಾಜು ರೂಢಿಯಾಗಿರಬೇಕು. ಸಮಯ ಕಡಿಮೆಯಿತ್ತು.

ಜಾರುವುದು

ಆಗ ನೆನಪಾದದ್ದು ಅವಳ ಮೊದಲ ಮಾತು. ಹಳೆಯ ಕನ್ನಡಕವನ್ನು ಗಾಜು ಅಳೆಯುವ ಲೆನ್ಸೋಮೀಟರಿಗೆ ಹಿಡಿದು ನೋಡಿದೆ. ಎರಡು ಗಾಜಿನ ನಡುಮಧ್ಯದ ಅಂತರ 55 ಮಿಲಿಮೀಟರ್. ಅವಳ ಎರಡು ಪಾಪೆಗಳ ಅಂತರ ಅಳೆದರೆ 60. ಶಿಬಿರದ ಫಾರ್ಮಿನಲ್ಲಿ ಆ ಅಂತರ ಬರೆಯುವ ಕಾಲಂ ಇದೆ, ನಾನು ತುಂಬಿರಲಿಲ್ಲ, ಗಾಜು ಕತ್ತರಿಸಿದವರು ವಾಡಿಕೆಯ ಅಳತೆ ಹಾಕಿದ್ದರು. ಫ್ರೇಮು ಪ್ಲಾಸ್ಟಿಕ್ಕಿನದು, ಮೂಗಿನ ಮೇಲೆ ಕೂರುವ ಸೇತುವೆ ಎತ್ತರದ, ಚೂಪು ಮೂಗಿಗೆಂದು ಎರಕ ಹೊಯ್ದದ್ದು. ಅವಳ ಮೂಗಿನ ಬುಡ ಅಗಲ, ತಗ್ಗು. ಕನ್ನಡಕಕ್ಕೆ ಅಲ್ಲಿ ಕೂರಲು ಜಾಗವೇ ಇಲ್ಲ, ಕೆನ್ನೆಯ ಮೇಲೆ ಕೂರುತ್ತಿತ್ತು. ತಲೆ ಬಗ್ಗಿಸಿದರೆ ಜಾರಿ ಅವಳು ಗಾಜಿನ ಮೇಲಿನಿಂದ ನೋಡುತ್ತಿದ್ದಳು. ನಾನು ಕಾಲು ಬಿಗಿ ಮಾಡಿದ್ದರಿಂದ ಕಿವಿಯ ಹಿಂದೆ ಗಾಯವಾದದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಉಳಿದ ಸಿದ್ದಿ ಮಕ್ಕಳ ಟ್ರಂಕಿನ ಗುಟ್ಟೂ ಬಹುಪಾಲು ಇದೇ.

ಪರಿಹಾರ ಹೊಳೆದದ್ದು ಮುಂಡಗೋಡದ ಬಸ್ ನಿಲ್ದಾಣದಲ್ಲಿ. 1966ರಿಂದ ಅಲ್ಲಿ ಟಿಬೆಟನ್ ಕಾಲೊನಿ ಇದೆ, ದೊಡ್ಡ ಮಠಗಳಿವೆ. ದಿನವಿಡೀ ತಲೆ ಬಗ್ಗಿಸಿ ಗ್ರಂಥ ಓದುವ ಲಾಮಾಗಳ ಮೂಗಿನ ಬುಡವೂ ತಗ್ಗೇ. ಬಸ್ಸಿಗೆ ಕಾಯುತ್ತ ನಿಂತಿದ್ದ ಇಬ್ಬರನ್ನು ಅರ್ಧ ಗಂಟೆ ನೋಡಿದೆ, ಒಬ್ಬರೂ ಕನ್ನಡಕವನ್ನು ಮೇಲೆ ತಳ್ಳಿಕೊಳ್ಳಲಿಲ್ಲ. ತೆಳು ಲೋಹದ ಫ್ರೇಮು, ಸಣ್ಣ ತಂತಿಯ ತುದಿಯಲ್ಲಿ ಮೂಗಿನ ಎರಡೂ ಕಡೆ ಒತ್ತಿ ಕೂರುವ ಮೆತ್ತನೆಯ ಪ್ಯಾಡು. ತಂತಿಯನ್ನು ಎಷ್ಟು ಬೇಕೋ ಅಷ್ಟು ಬಗ್ಗಿಸಬಹುದು. ಅಂಗಡಿಯವನಿಗೆ ಹೇಳಿದರೆ ನಕ್ಕ. "ಇದನ್ನ ನಾವು ಮೊದಲಿನಿಂದ ಮಾಡ್ತಾ ಇದ್ದೀವಲ್ಲ ಸರ್, ನೀವು ಕೇಳಲಿಲ್ಲ." ಆಫ್ರಿಕಾ ಮೂಲದ ಹುಡುಗಿಯ ಮೂಗಿಗೆ ಬೇಕಾದ ವಿದ್ಯೆ ಹಿಮಾಲಯದಿಂದ ಬಂದವರ ಮೂಗಿನಿಂದ ಸಿಕ್ಕಿತು. ನಮ್ಮ ಜಿಲ್ಲೆಯಲ್ಲಿ ಮಾತ್ರ ಆಗಬಹುದಾದದ್ದು ಇದು.

ಆದದ್ದು

ಕನ್ನಡಕ ರಜೆ ಮುಗಿಯುವ ಹೊತ್ತಿಗೆ ಸಿಕ್ಕಿತು. ಮೊದಲ ಮೂರು ವಾರ ಕಷ್ಟವೇ. ಅಟ್ರೋಪಿನ್ ಇಳಿದ ಮೇಲೆ ದೂರದ ಬೋರ್ಡು ಮಸುಕೆಂದು ದೂರು ಬಂತು. ಹೊಸ ಕನ್ನಡಕ ಹಳೆಯದಕ್ಕಿಂತ ಕೆಟ್ಟದ್ದು ಎಂದು ಅಕ್ಕೋರಿಗೂ ಅನ್ನಿಸಿತ್ತು. ಆದರೆ ಈ ಸಲ ಅವರಿಗೆ ಮೊದಲೇ ಹೇಳಿಟ್ಟಿದ್ದೆ, ಮುಂದಿನ ಬೆಂಚಿನಲ್ಲಿ ಕೂರಿಸಿದರು. ತಲೆನೋವು ಹೋದದ್ದು ಮೊದಲು, ಕಣ್ಣು ತಿಳಿಯಾದದ್ದು ಆಮೇಲೆ. ಜನವರಿಯಲ್ಲಿ ಕನ್ನಡಕದೊಂದಿಗೆ ಬಲಗಣ್ಣು 6/6, ಎಡಗಣ್ಣು 6/9. ಎಡಗಣ್ಣು ಅಲ್ಲಿಂದ ಮುಂದೆ ಹೋಗಿಲ್ಲ. ಏಳೆಂಟು ವರ್ಷದ ಒಳಗೇ ಸಿಕ್ಕಿದ್ದರೆ ಹೋಗುತ್ತಿತ್ತೇನೋ. ಓಡುವಾಗ ಕನ್ನಡಕ ತೆಗೆಯುತ್ತಾಳೆ, ಆಟದ ಮಾಸ್ತರರ ಜೇಬು ಅದರ ಜಾಗ.

ನನ್ನ ಕೆಲಸದಲ್ಲಿ ಬದಲಾದದ್ದು ಇಷ್ಟು. ಹನಿ ಹಾಕಿದ ಮೇಲೆ ಗಡಿಯಾರವಲ್ಲ, ಟಾರ್ಚು. ಪಾಪೆಗಳ ಅಂತರದ ಕಾಲಂ ಖಾಲಿ ಇದ್ದರೆ ಫಾರ್ಮು ಮುಂದೆ ಹೋಗುವುದಿಲ್ಲ. ಬ್ಯಾಗಿನಲ್ಲಿ ಮೂಗಿನ ಪ್ಯಾಡಿನ ಪೊಟ್ಟಣ. ಫ್ರೇಮುಗಳು ಮಾತ್ರ ಈ ವರ್ಷವೂ ಅದೇ ಎರಕದ್ದೇ ಬಂದಿವೆ.

ಮಳೆಯ ಆ ದಿನ ಹನಿ ಹಾಕದೆ ಮೈನಸ್ ಚೀಟಿ ಕೊಟ್ಟ ಬೇರೆ ಮಕ್ಕಳನ್ನೂ ಮತ್ತೆ ಕರೆದು ಅಳೆಯುತ್ತಿದ್ದೇನೆ. ಹೆಚ್ಚಿನವರ ನಂಬರ್ ಸರಿಯೇ ಇತ್ತು, ಅವರಲ್ಲಿ ಒಬ್ಬ ಸಿದ್ದಿ ಹುಡುಗನಿಗೆ ನಿಜವಾಗಿಯೂ ಮೈನಸ್ 2. ಒಬ್ಬ ಗೌಳಿ ಹುಡುಗ ಮಾತ್ರ ಸಿಕ್ಕಿಲ್ಲ. ಅಪ್ಪ ಅಮ್ಮ ಕೆಲಸಕ್ಕೆಂದು ಗೋವೆಯ ಕಡೆ ಹೋದಾಗ ಅವನನ್ನೂ ಕರೆದೊಯ್ದರಂತೆ. ಅವನಿಗೆ ಕೊಟ್ಟಿದ್ದ ಕನ್ನಡಕ ಮೈನಸ್ 1.50. ಅವನಾದರೂ ಅದನ್ನು ಹಾಕುತ್ತಿದ್ದ ಎಂದು ವಾರ್ಡನ್ ಹೇಳಿದರು.